ಬರುವಾಗ ಕರಿಬೇವು

ಬನಹಟ್ಟಿಯಲ್ಲಿ ಜಗಳ ನಿಂತುಹೋಗಿ ಬಹಳ ವರ್ಷವಾಯಿತು. ಹಾಗಂತ ಜನರ ಬಾಯಿ ಒಳ್ಳೆಯದಾಯಿತು ಅಂದುಕೊಳ್ಳಬೇಡಿ. ಬಾಯಿ ಇದ್ದ ಹಾಗೇ ಇದೆ. ಒಳ್ಳೆಯದಾಗಿದ್ದು ಕಿವಿ.

ಎಲ್ಲ ಶುರುವಾದದ್ದು ಪವರ್‌ಲೂಮಿನಿಂದ. ಮಗ್ಗದ ಶೆಡ್ಡಿನಲ್ಲಿ ಒಂದು ದಿನ ನಿಂತು ಬಂದವರಿಗೆ ಗೊತ್ತು, ಮನೆಗೆ ಬಂದು ಮಲಗಿದರೂ ತಲೆಯೊಳಗೆ ಖಟಖಟ ನಿಲ್ಲುವುದಿಲ್ಲ. ಕಿವಿಯ ಒಳಗಡೆ ಬಸವನಹುಳುವಿನ ಚಿಪ್ಪಿನ ಹಾಗೆ ಒಂದು ಸುರುಳಿ ಇದೆ, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು. ಸದ್ದು ಬಂದಾಗ ಅವು ಅಲುಗಾಡಿ ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ಮಗ್ಗದ ಗದ್ದಲಕ್ಕೆ ಆ ರೋಮಗಳು ಒಂದೊಂದೇ ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಊರಲ್ಲಿ ನಡುವಯಸ್ಸು ದಾಟಿದವರೆಲ್ಲ ಅರ್ಧ ಕಿವುಡರೇ ಆಗಿದ್ದರು. ಆಗ ಒಂದು ಕಂಪನಿ ಬಂತು. ಕುಸುಬಿ ಕಾಳಿನಷ್ಟು ಒಂದು ಯಂತ್ರವನ್ನು ಆ ಸುರುಳಿಯೊಳಗೆ ಕೂರಿಸಿತು. ರೋಮಗಳ ಹಂಗಿಲ್ಲದೆ ಅದು ನೇರವಾಗಿ ನರಕ್ಕೇ ಸದ್ದು ಮುಟ್ಟಿಸುತ್ತಿತ್ತು. ಕಂಪನಿ ಅದಕ್ಕೆ ಏನೋ ಸಂಸ್ಕೃತದ ಹೆಸರಿಟ್ಟಿತ್ತು, ಜನ ಕಿವಿಕಾಳು ಅಂದರು. ಕಾಳು ಕೂರಿಸುವಾಗ ಉಳಿದ ಒಂದಿಷ್ಟು ರೋಮವೂ ಹೋಗುತ್ತದೆ, ಆದ್ದರಿಂದ ಒಮ್ಮೆ ಕೂತ ಮೇಲೆ ತೆಗೆಸುವ ಮಾತಿಲ್ಲ. ತೆಗೆಸಿದರೆ ಪೂರಾ ಕಿವುಡು. ಇದನ್ನು ಡಾಕ್ಟರರು ಮೊದಲೇ ಹೇಳಿದ್ದರು. ಆದರೆ ಮೊಮ್ಮಕ್ಕಳ ದನಿ ಕೇಳುತ್ತದೆ ಅನ್ನುವ ಖುಷಿಯಲ್ಲಿ ಅದನ್ನು ತಲೆಗೆ ಹಾಕಿಕೊಂಡವರು ಯಾರು?

ಹತ್ತು ವರ್ಷ ಬಿಟ್ಟು ಕಾಳಿಗೆ ಹೊಸ ವಿದ್ಯೆ ಬಂತು. ಎದುರಿನವರು ಆಡಿದ ಮಾತನ್ನು ಅದು ತೂಗುತ್ತದೆ, ಖಾರ ಹೆಚ್ಚಾಗಿದ್ದರೆ ಇಳಿಸುತ್ತದೆ, ಆಡಿದವರ ದನಿಯಲ್ಲೇ ಬೇರೆ ಮಾತು ಮಾಡಿ ಕೇಳಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಅರ್ಥ ಹಾಗೇ ಇರುತ್ತದೆ, ಖಾರ ಮಾತ್ರ ಕಡಿಮೆ, ಅಂತ ಕಂಪನಿ ಗೋಡೆಗೋಡೆಗೂ ಬರೆಸಿತು. ಶೆಡ್ಡುಗಳಲ್ಲಿ ಹೊಡೆದಾಟ ನಿಂತಿತು. ರಕ್ತದೊತ್ತಡ ಇಳಿಯಿತು ಅಂತ ಸರಕಾರಿ ವರದಿ ಬಂತು. ಆಮೇಲೆ ಕಿವಿ ಚೆನ್ನಾಗಿದ್ದವರೂ ಹಾಕಿಸಿಕೊಂಡರು, ಹಾಕಿಸಿಕೊಳ್ಳದವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಯಿತು. ಮೊದಮೊದಲು ಬೈಗುಳ ಮಾತ್ರ ಹೋಗುತ್ತಿತ್ತು. ಬರಬರುತ್ತ ಇಡೀ ಮಾತೇ ಬದಲಾಗಿ, ಗಂಡ ಹೆಂಡತಿ ಕೂಡ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಕೇಳಿಸತೊಡಗಿದರು.

ದ್ರಾಕ್ಷಾಯಿಣಿ ಆ ಕಂಪನಿಯಲ್ಲೇ ಕೆಲಸಕ್ಕಿದ್ದಳು. ಹಳೆಯದೊಂದು ಮಗ್ಗದ ಶೆಡ್ಡನ್ನೇ ಆಫೀಸು ಮಾಡಿದ್ದರು. ಅಲ್ಲಿ ಕೂತ ಹೆಂಗಸರಿಗೆ ತೂಕದವರು ಅಂತ ಹೆಸರು. ಬನಹಟ್ಟಿ ಸೀಮೆಯ ಮಾತು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲವಲ್ಲ, ಯಾವ ಮಾತಿಗೆ ಎಷ್ಟು ಖಾರ ಅಂತ ಊರಿನವರೇ ಹೇಳಿಕೊಡಬೇಕು. ಊರ ಮನೆಗಳಿಂದ ಆಯ್ದ ಮಾತು ಹಸಿಹಸಿಯಾಗಿ ಬರುತ್ತಿತ್ತು, ಹೆಸರು ಅಳಿಸಿ, ಯಾರದೆಂದು ಗೊತ್ತಾಗದ ಹಾಗೆ ದನಿ ಬದಲಿಸಿ. ತೂಕದವರು ಕೇಳಿ ಹತ್ತರೊಳಗೆ ಒಂದು ಅಂಕ ಒತ್ತಬೇಕು. ಮೂವರ ಅಂಕ ಒಂದೇ ಆದರೆ ಯಂತ್ರ ಒಪ್ಪಿಕೊಳ್ಳುತ್ತದೆ.

ಆ ಕೋಣೆಯ ಇನ್ನೊಂದು ವಿಶೇಷವಿತ್ತು. ಹಸಿ ಮಾತು ಕೇಳಬೇಕಾದ್ದರಿಂದ ಅಲ್ಲಿ ಒಳಗೆ ಕಾಲಿಟ್ಟವರ ಕಾಳು ಖಾರ ಇಳಿಸುವ ಕೆಲಸ ನಿಲ್ಲಿಸುತ್ತಿತ್ತು. ಇಡೀ ಊರಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಇದ್ದ ಹಾಗೆ ಕೇಳಿಸುತ್ತಿದ್ದದ್ದು ಆ ನಾಲ್ಕು ಗೋಡೆಯ ನಡುವೆ ಮಾತ್ರ. ಗುರುತಿನ ಚೀಟಿ ಇಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಸಂಬಳ ಅಷ್ಟಕ್ಕಷ್ಟೇ ಆದರೂ ಆ ಹೆಂಗಸರು ಒಂದು ದಿನ ರಜೆ ಹಾಕುತ್ತಿರಲಿಲ್ಲ. ಜ್ವರ ಬಂದರೂ ಬರುತ್ತಿದ್ದರು.

"ತಗೋ ಮೆಹರೂನಾ, ಕರಿಬೇವಿನ ಚಟ್ನಿಪುಡಿ," ಅಂತ ಅವತ್ತು ದ್ರಾಕ್ಷಾಯಿಣಿ ಪಕ್ಕದ ಕುರ್ಚಿಯವಳ ಮುಂದೆ ಡಬ್ಬಿ ಇಟ್ಟಳು.

ಮೆಹರೂನ ಮುಚ್ಚಳ ತೆಗೆದು ಮೂಸಿದಳು. "ಮತ್ತ ಚಟ್ನಿಪುಡಿ? ಹೋದ ವಾರದ್ದ ಇನ್ನೂ ಮುಗಿದಿಲ್ಲ. ನಿಮ್ಮನ್ಯಾಗೇನ ಕರಿಬೇವಿನ ತ್ವಾಟ ಐತೇನ?"

"ನಮ್ಮವರು ತರ್ತಾರವಾ. ಸಂಜೀಕ ಅಡ್ಡಾಡಾಕ ಹೋಗ್ತಾರು, ಬರೂಮುಂದ ಒಂದ ಸಿವುಡ ಹಿಡಕೊಂಡ ಬರ್ತಾರು. ಒಗ್ಯಾಕ ಮನಸ ಬರಂಗಿಲ್ಲ."

"ಪುಣ್ಯಾ ಮಾಡೀದಿ. ನಮ್ಮಾಂವ ತನ್ನ ಚಪ್ಪಲಿ ತಾ ತರಂಗಿಲ್ಲ."

ಆಚೆ ಕುರ್ಚಿಯಲ್ಲಿದ್ದ ಬಾಳವ್ವ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದಳು. ತೂಕದವರಲ್ಲಿ ಅವಳೇ ಹಿರಿಯಳು. ಅವಳು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. "ಕೆಲಸಾ ಮಾಡ್ರಿ," ಅಂದಳು. ಇಬ್ಬರೂ ಕಿವಿಯ ಹಿಂದೆ ತಂತಿ ಅಂಟಿಸಿಕೊಂಡರು.

ಮಾತುಗಳು ಒಂದಾದ ಮೇಲೊಂದು ಬಂದವು. ಒಬ್ಬಳು ಬಾಯಲ್ಲೇ ಮಗನ ಹೆಣ ಎತ್ತುತ್ತಿದ್ದಳು, ಅವನು ಉಣ್ಣದೆ ಹೋದದ್ದಕ್ಕೆ. ಒಬ್ಬ ಗೆಳೆಯನ ಬಾಯಿಗೆ ಮಣ್ಣು ಹಾಕುತ್ತಿದ್ದ, ಅವನು ಕಾಯಿಲೆ ಮುಚ್ಚಿಟ್ಟದ್ದಕ್ಕೆ. ದ್ರಾಕ್ಷಾಯಿಣಿ ಒಂಬತ್ತು ಒತ್ತಿದಳು, ಮತ್ತೆ ಒಂಬತ್ತು ಒತ್ತಿದಳು. ಹಿಂದೆ ಈ ಆಫೀಸು ಶುರುವಾದಾಗ ಬೆಂಗಳೂರಿನಿಂದ ಬಂದ ಹುಡುಗಿ ಸಿಂಚನಾ, ಈಗ ಇವರೆಲ್ಲರ ಮೇಲಿನವಳು, ಇವರನ್ನು ಸಾಲಾಗಿ ಕೂರಿಸಿ ಕೇಳಿದ್ದಳು. "ಮಂಗ್ಯಾ ಅಂದ್ರೆ ಬೈಗುಳಾನಾ, ಪ್ರೀತಿನಾ?" ಇಸ್ತ್ರಿ ಸೀರೆ ಉಟ್ಟು ಮೊದಲ ದಿನ ಆಫೀಸಿಗೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದ್ದರು. ನನ್ನ ಗಂಡನನ್ನು ನಾನು ಕರೆಯುವುದೇ ಹಾಗೆ, ನಮ್ಮವ್ವ ಮುದ್ದು ಮಾಡುತ್ತಿದ್ದದ್ದೇ ಹಾಗೆ, ಅಂತ ಆ ನಯವಾದ ಹುಡುಗಿಯ ಮುಂದೆ ಹೇಳುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ನಾಚಿಕೆ ಬಿದ್ದು ಎಲ್ಲರೂ ಒಂಬತ್ತು ಒತ್ತಿದರು. ಅವತ್ತಿನಿಂದ ಒಂಬತ್ತೇ ನಡೆದುಬಂದಿತ್ತು.

ಮುಂದಿನ ಮಾತು ಒಬ್ಬ ಗಂಡಸಿನದು. "ನಾ ಹೊಂಟೆ. ಇನ್ನ ಹೊಳ್ಳಿ ಬರಂಗಿಲ್ಲ. ಈ ಮನ್ಯಾಗ ನನ್ನ ಕೂಡ ಮಾತಾಡಾವ್ರು ಯಾರೂ ಇಲ್ಲ. ನೀನೂ ಇಲ್ಲ."

ಹಿಂದೆಯೇ ಒಬ್ಬ ಹೆಂಗಸಿನ ದನಿ. "ಆತು. ಬರೂಮುಂದ ಕರಿಬೇವು ತಗೊಂಬಾ. ಎಳೀದು ನೋಡಿ ತಗೋ, ನಿನ್ನೀದು ಬಲತಿತ್ತು."

ಆಮೇಲೆ ಮಾತಿಲ್ಲ. ಚಪ್ಪಲಿ ಎಳೆದ ಸದ್ದು, ಬಾಗಿಲು ಮುಚ್ಚಿದ ಸದ್ದು.

ದ್ರಾಕ್ಷಾಯಿಣಿಗೆ ನಗು ತಡೆಯಲಾಗಲಿಲ್ಲ. "ಏ ಮೆಹರೂನಾ, ಇಕೀನ್ನ ಕೇಳ ಇಲ್ಲೆ. ಗಂಡ ಬಿಟ್ಟು ಹೊಂಟಾನ, ಇಕಿ ಕರಿಬೇವು ತಾ ಅಂತಾಳ."

ಮೆಹರೂನಳೂ ಕೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. "ಯವ್ವಾ, ಎಂಥಾ ಕಲ್ಲ ಎದೀನ ಇಕೀದು. ಅದೂ ಎಳೀದು ಬೇಕಂತ."

"ಇಂಥಾಕಿ ಕೂಡ ಅಂವಾ ಹ್ಯಾಂಗ ಬಾಳೇ ಮಾಡ್ಯಾನೋ. ನಾ ಆಗಿದ್ರ ಅಂಗಿ ಹಿಡದು ಒಳಗ ಜಗ್ಗತಿದ್ದೆ," ಅಂದಳು ದ್ರಾಕ್ಷಾಯಿಣಿ. ಹೊಳ್ಳಿ ಬರಂಗಿಲ್ಲ ಅನ್ನುವುದು ಬೆದರಿಕೆಯ ಮಾತು. ಅದಕ್ಕೂ ಒಂಬತ್ತು ಒತ್ತಿದಳು. ಬಾಳವ್ವ ನಗಲಿಲ್ಲ. ಅವಳೂ ಒಂಬತ್ತು ಒತ್ತಿದಳು.

ಸಂಜೆ ಮನೆಗೆ ಬಂದಾಗ ಗುರುಪಾದ ಟೀವಿಯ ಮುಂದೆ ಕೂತಿದ್ದ. ಗುರುಪಾದ ಅವಳ ಗಂಡ, ಒಂದು ಕಾಲಕ್ಕೆ ಊರಿಗೇ ಹೆಸರಾದ ಜಾಬರ್. ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಈಗಿನ ಮಗ್ಗಗಳು ಕೆಟ್ಟರೆ ತಾವೇ ಸರಿಮಾಡಿಕೊಳ್ಳುತ್ತವೆ, ಅವನಿಗೆ ವಾರಕ್ಕೊಂದು ಕರೆ ಬಂದರೆ ಹೆಚ್ಚು.

ಇಬ್ಬರೂ ಒಬ್ಬರಿಗೊಬ್ಬರು ಸಿಕ್ಕಿದ್ದು ಶೆಡ್ಡಿನಲ್ಲೇ. ಇವಳು ಹದಿನೆಂಟರ ಹುಡುಗಿ, ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆ ಗದ್ದಲದಲ್ಲಿ ಕೂಗಿದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಮಗ್ಗದವರು ದನಿ ತೆಗೆಯದೆ ತುಟಿಯಲ್ಲೇ ಮಾತಾಡುವುದು, ತುಟಿ ನೋಡಿಯೇ ತಿಳಿಯುವುದು. ಈ ತುದಿಯಲ್ಲಿ ನಿಂತು ಆ ತುದಿಯವರ ಜೊತೆ ಊರ ಸುದ್ದಿಯೆಲ್ಲ ಮುಗಿಸುತ್ತಿದ್ದರು. ಹೊಸ ಜಾಬರ್ ತನ್ನನ್ನೇ ನೋಡುತ್ತಿರುವುದನ್ನು ಕಂಡು ಅವಳು ಆಚೆ ತುದಿಯಿಂದ "ಏನ್ ನೋಡ್ತಿ, ಮಂಗ್ಯಾ" ಅಂದಿದ್ದಳು. ಅವನು ನಕ್ಕ ಭರಕ್ಕೆ ಸ್ಪ್ಯಾನರು ಜಾರಿ ಮಗ್ಗದ ಹಾಸುನೂಲು ಪೂರ್ತಿ ಹರಿದು, ಮಾಲಕನಿಂದ ಬೈಸಿಕೊಂಡ. ಮದುವೆಯಾದ ಮೇಲೂ ಅದೇ ಭಾಷೆ. ಅವಳಿಗೆ ಜ್ವರ ಬಂದಾಗ ತಲೆದಿಂಬಿನ ಪಕ್ಕ ಕೂತು, "ಸತ್ತಾರಂಗ ಬಿದ್ದೀಯಲ್ಲ ಕತ್ತಿ, ಎದ್ದು ಗಂಜಿ ಕುಡಿ," ಅನ್ನುತ್ತಿದ್ದ. ಕತ್ತೆ ಅನ್ನುತ್ತ ಅನ್ನುತ್ತಲೇ ಬಟ್ಟಲು ಬಾಯಿಗೆ ಹಿಡಿಯುತ್ತಿದ್ದ. ಅವಳು ಕುಡಿಯುವವರೆಗೂ ಎದ್ದು ಹೋಗುತ್ತಿರಲಿಲ್ಲ.

ಹೋದ ಸಲ ಜ್ವರ ಬಂದಾಗಲೂ ಬಟ್ಟಲು ಹಿಡಿದಿದ್ದ. "ನಿಮ್ಮ ಆರೋಗ್ಯ ಬೇಗ ಸುಧಾರಿಸಲೆಂದು ಆಶಿಸುತ್ತೇನೆ," ಅಂತ ಕೇಳಿಸಿತ್ತು. ಯಾವುದೋ ಲಾಡ್ಜಿನ ಮ್ಯಾನೇಜರ ಬಂದು ವಿಚಾರಿಸಿದಂತಾಗಿ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಾಳಿನ ಕೆಲಸ ಅದು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ದಿನಾ ಕೇಳಿಸುವುದನ್ನೇ ಮನಸ್ಸು ನಂಬುತ್ತದೆ. ಇವನಿಗೆ ನಾನು ಬೇಡವಾಗಿದ್ದೇನೆ, ಬಾಯುಪಚಾರಕ್ಕೆ ಮಾತಾಡುತ್ತಾನೆ, ಅಂದುಕೊಂಡಿದ್ದಳು. ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಳು. ನೋಡಿದರೆ ಎದೆ ಭಾರವಾಗುತ್ತಿತ್ತು. ಒಂದೇ ಮನೆಯಲ್ಲಿ ಇಬ್ಬರಿದ್ದು ಒಬ್ಬಳೇ ಇದ್ದ ಹಾಗಿನ ಆ ಬಾಳು ಅವಳಿಗೆ ಸಾಕಾಗಿತ್ತು, ಹೇಳಿಕೊಂಡರೆ ಅದೂ ಕಾಳು ದಾಟಿ ಹೋಗಬೇಕು. ಕೊನೆಗೆ ಅವಳು ಸಮಾಧಾನ ಮಾಡಿಕೊಂಡದ್ದು ಕರಿಬೇವಿನಲ್ಲಿ. ಇಷ್ಟಾದರೂ ಹೇಳಿದ್ದನ್ನು ಮರೆಯದೆ ತರುತ್ತಾನಲ್ಲ ಅಂತ.

ಇಬ್ಬರೂ ಊಟಕ್ಕೆ ಕೂತರು.

"ರೊಟ್ಟಿಗಳು ಬಹಳ ರುಚಿಯಾಗಿವೆ. ಧನ್ಯವಾದಗಳು," ಅಂತ ಅವನ ದನಿ ಕೇಳಿಸಿತು.

"ಇನ್ನೊಂದ ಹಾಕಲೇನ?" ಅಂದಳು, ಕಣ್ಣು ಟೀವಿಯ ಮೇಲೆ.

"ಸಾಕು. ನೀವು ದಣಿದಿರುತ್ತೀರಿ. ವಿಶ್ರಾಂತಿ ತೆಗೆದುಕೊಳ್ಳಿ."

ಅವಳು ತಾಟು ಎತ್ತಿಕೊಂಡು ಒಳಗೆ ಹೋದಳು. ಬೆನ್ನ ಹಿಂದೆ ಅವನು ಎದ್ದ ಸದ್ದಾಯಿತು, ಗೂಟದಿಂದ ಏನೋ ತೆಗೆದ ಸದ್ದಾಯಿತು. ದಿನದ ಮಾತು ಬಂತು.

"ಸ್ವಲ್ಪ ಹೊರಗೆ ಹೋಗಿ ಬರುತ್ತೇನೆ."

"ಆತು," ಅಂದಳು, ನಳದ ಕೆಳಗೆ ತಾಟು ಹಿಡಿದು. "ಬರೂಮುಂದ ಕರಿಬೇವು ತಗೊಂಬಾ. ಎಳೀದು ನೋಡಿ..."

ಮಾತು ಅಲ್ಲೇ ನಿಂತಿತು. ಕೈಯ ತಾಟು ಸಿಂಕಿಗೆ ಬಿತ್ತು. ಬೆಳಿಗ್ಗೆ ನಕ್ಕ ನಗು ನೆನಪಾಯಿತು. ಕಲ್ಲೆದೆಯವಳು, ಇಂಥವಳ ಜೊತೆ ಹೇಗೆ ಬಾಳಿದನೋ ಅಂತ ತಾನು ಆಡಿಕೊಂಡದ್ದು ಯಾರನ್ನು? ಮನೆ ತುಂಬ ಕರಿಬೇವು. ಫ್ರಿಜ್ಜಿನಲ್ಲಿ ಕರಿಬೇವು, ಮೊರದಲ್ಲಿ ಒಣಗುತ್ತಿರುವ ಕರಿಬೇವು, ಡಬ್ಬಿಯಲ್ಲಿ ಪುಡಿಯಾದ ಕರಿಬೇವು. ಅಷ್ಟು ಸಂಜೆ ಅವನು ಬಿಟ್ಟು ಹೋಗುತ್ತೇನೆ ಅಂದಿದ್ದ. ಅಷ್ಟು ಸಂಜೆಯೂ ಒಂದು ಸಿವುಡು ಹಿಡಿದು ತಿರುಗಿ ಬಂದಿದ್ದ.

ಅವಳು ಹೊರಗೆ ಬಂದಳು. ಅವನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ.

"ಏನಂದಿ ನೀ? ಇನ್ನೊಮ್ಮಿ ಅನ್ನು."

ಅವನು ತಿರುಗಿದ. ಎಷ್ಟೋ ಕಾಲದ ಮೇಲೆ ಅವಳು ಅವನ ತುಟಿ ನೋಡಿದಳು. ತುಟಿ ಏನೋ ಅಂದಿತು, ಕಿವಿಗೆ "ಸ್ವಲ್ಪ ಹೊರಗೆ ಹೋಗಿ ಬರುತ್ತೇನೆ ಎಂದೆ" ಅಂತ ಕೇಳಿಸಿತು. ತುಟಿಯದು ಬೇರೆ ಮಾತು ಅಂತ ಗೊತ್ತಾಗುತ್ತಿತ್ತು, ಯಾವ ಮಾತು ಅಂತ ಹಿಡಿಯಲು ಆಗುತ್ತಿರಲಿಲ್ಲ. ಮನುಷ್ಯನ ಮಿದುಳು ಕಣ್ಣು ಕಂಡದ್ದನ್ನೂ ಕಿವಿ ಕೇಳಿದ್ದನ್ನೂ ಬೇರೆಬೇರೆ ಇಡುವುದಿಲ್ಲ, ಎರಡನ್ನೂ ಕಲಸಿ ಒಂದೇ ಉಂಡೆ ಮಾಡುತ್ತದೆ. ಕಿವಿಯೊಳಗೆ ಸ್ಪಷ್ಟವಾಗಿ ಒಂದು ಮಾತು ಬಿದ್ದ ಮೇಲೆ ಕಣ್ಣಿಗೂ ಅದೇ ಕಂಡ ಹಾಗಾಗುತ್ತದೆ. ಶೆಡ್ಡಿನಲ್ಲಿ ತುಟಿ ಓದಲು ಸಾಧ್ಯವಾಗುತ್ತಿದ್ದದ್ದು ಕಿವಿಗೆ ಮಾತೇ ಬೀಳದಿದ್ದ ಕಾರಣಕ್ಕೆ. ಇಲ್ಲಿ ಮನೆ ನಿಶ್ಶಬ್ದವಾಗಿತ್ತು, ಅದೇ ಮುಳುವಾಯಿತು.

"ಹೋಗಬ್ಯಾಡ," ಅಂದಳು. "ನಿನ್ನ ಮಾತು ನನಗ ಕೇಳಿಲ್ಲ. ಇಷ್ಟು ದಿನಾ ಒಂದೂ ಕೇಳಿಲ್ಲ. ಸುಟ್ಟ ಹೋಗ್ಲಿ ಈ ಕಾಳು, ಇದು ಬ್ಯಾರೇನ ಹೇಳ್ತೈತಿ. ನನ್ನ ಬಿಟ್ಟು ಹೋದ್ರ ನಾ ಸಾಯ್ತೀನಿ, ತಿಳೀತಿಲ್ಲೋ."

ಸಾಯ್ತೀನಿ ಅನ್ನುವುದಕ್ಕೂ ಅವಳೇ ಒಂಬತ್ತು ಒತ್ತಿದ್ದಳು. ಅವನಿಗೆ ಏನು ಕೇಳಿಸಿತೋ ಏನೋ. ಬ್ಯಾಂಕಿನ ಕೌಂಟರಿನಲ್ಲಿ ನಿಂತವರು ನಗುವ ಹಾಗೆ ತುಟಿ ಅಗಲಿಸಿ, ತಲೆ ಆಡಿಸಿ, ಅವನು ಹೊರಟುಹೋದ.

ಅವಳು ಹಾಗೇ ನಿಂತಿದ್ದಳು. ಕಟ್ಟಿಹಾಕಿ ಬಾಯಿಗೆ ಬಟ್ಟೆ ತುರುಕಿದ್ದರೂ ಇಷ್ಟು ಉಸಿರು ಕಟ್ಟುತ್ತಿರಲಿಲ್ಲ. ಫೋನು ಮಾಡಿದರೆ ಅದೂ ಕಾಳಿನೊಳಗಿಂದಲೇ, ಮೆಸೇಜು ಕಳಿಸಿದರೆ ಫೋನಿನೊಳಗೇ ಖಾರ ಇಳಿಯುತ್ತದೆ. ಆಗ ಅವಳ ಕಣ್ಣು ಗೂಟದ ಮೇಲೆ ಹೋಯಿತು. ದಿನಾ ಅಂಗಿಯ ಪಕ್ಕ ನೇತಾಡುವ ಹತ್ಯಾರದ ಚೀಲ ಇರಲಿಲ್ಲ. ಇಷ್ಟು ದಿನ ಬರಿಗೈಲಿ ಹೋಗುತ್ತಿದ್ದವನು ಇವತ್ತು ಸ್ಪ್ಯಾನರು, ಇಕ್ಕಳ ಎಲ್ಲ ತೆಗೆದುಕೊಂಡು ಹೋಗಿದ್ದ. ಹಳೆ ಮಗ್ಗ ಇನ್ನೂ ಓಡುವುದು ಗಡಿಯಾಚೆಯ ಇಚಲಕರಂಜಿಯಲ್ಲಿ. ಜಾಬರ್‌ಗೆ ಅಲ್ಲಿ ಕೆಲಸ ಸಿಗುತ್ತದೆ, ಮಲಗಲು ಶೆಡ್ಡಿನಲ್ಲೇ ಜಾಗವೂ ಸಿಗುತ್ತದೆ. ಅವಳು ಬಾಗಿಲು ಹಾಕುವುದನ್ನೂ ಮರೆತು ಓಡಿದಳು.

ಬಸ್ ಸ್ಟ್ಯಾಂಡಿನಲ್ಲಿ ಇಚಲಕರಂಜಿ ಬಸ್ಸು ಹೊರಡುವುದರಲ್ಲಿತ್ತು. ಕರೆಂಟಿನ ಹೊಸ ಬಸ್ಸು, ಒಳಗೆ ಏಸಿ, ಕಿಟಕಿಯ ಗಾಜು ತೆಗೆಯಲು ಬರುವುದಿಲ್ಲ. ಬಾಗಿಲು ಮುಚ್ಚಿಯಾಗಿತ್ತು. ಅವಳು ಒಂದೊಂದೇ ಕಿಟಕಿ ನೋಡುತ್ತ ಬಂದಳು. ಹಿಂದಿನಿಂದ ಮೂರನೆಯ ಸೀಟಿನಲ್ಲಿ ಅವನಿದ್ದ, ತೊಡೆಯ ಮೇಲೆ ಚೀಲ ಇಟ್ಟುಕೊಂಡು.

ಅವಳು ಅಂಗೈಯಿಂದ ಗಾಜು ಬಡಿದಳು. ಅವನು ತಿರುಗಿ ನೋಡಿ, ಕೈ ಎತ್ತಿ ಬೇಡ ಅನ್ನುವ ಹಾಗೆ ಆಡಿಸಿದ. ತುಟಿ ಅಲುಗಿತು. ಗಾಜು ದಪ್ಪವಾಗಿತ್ತು, ಅವನ ದನಿ ಹೊರಗೆ ಬರಲಿಲ್ಲ. ಅವಳ ಕಿವಿಗೆ ಏನೂ ಬೀಳಲಿಲ್ಲ, ಕಾಳಿಗೆ ತೂಗಲು ಏನೂ ಸಿಗಲಿಲ್ಲ. ಬರೀ ತುಟಿ ಕಂಡಿತು. ಮೂವತ್ತು ವರ್ಷದ ಹಿಂದೆ ಶೆಡ್ಡಿನ ಆಚೆ ತುದಿಯಿಂದ ಕಂಡ ಹಾಗೇ ಕಂಡಿತು.

"ಹೋಗು, ಮನಿಗ್ಹೋಗು," ಅಂದಿತ್ತು ಅವನ ತುಟಿ. "ನನ್ನಿಂದ ನಿನಗೇನೂ ಇಲ್ಲ."

ದ್ರಾಕ್ಷಾಯಿಣಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದನಿ ತೆಗೆಯಲಿಲ್ಲ. ಮಗ್ಗದವರು ಮಾತಾಡುವ ಹಾಗೆ ಬಾಯಿ ಅಗಲಿಸಿ, ಒಂದೊಂದು ಅಕ್ಷರವನ್ನೂ ತುಟಿಯ ಮೇಲೆ ಕೂರಿಸಿ, "ಎಲ್ಲಿ ಹೊಂಟಿ, ಮಂಗ್ಯಾ," ಅಂದಳು.

ಗುರುಪಾದ ನೋಡುತ್ತಲೇ ಕೂತ.

"ನಿನ್ನ ಬಾಯಾಗ ಮಣ್ಣ ಹಾಕ. ಹೇಳದ ಕೇಳದ ಹತ್ಯಾರ ತಗೊಂಡು ಹೊಂಟೀಯಲ್ಲ. ನಾ ಏನ ನಿನ್ನ ಹೆಣಾ ಕಾಯ್ಕೋತ ಕೂಡಬೇಕೇನು?"

ಅವನು 'ಹೇಳೀನಿ' ಅಂದ. ಗಾಜಿಗೆ ಹತ್ತಿರ ಬಂದು ಮತ್ತೆ ಅಂದ. "ದಿನಾ ಹೇಳೀನಿ. ದಿನಾ ನೀ ಕರಿಬೇವು ಅಂದಿ."

"ನನಗ ಕೇಳಿಲ್ಲೋ ಕತ್ತಿ. ಸ್ವಲ್ಪ ಹೊರಗ ಹೋಗಿ ಬರ್ತೀನಿ ಅಂತ ಕೇಳ್ತು. ಅಡ್ಡಾಡಾಕ ಹೊಂಟೀ ಅಂದ್ಕೊಂಡೆ. ನಿನಗ ಏನ ಕೇಳ್ತು ಆಗ, ಮನ್ಯಾಗ? ನಾ ಸಾಯ್ತೀನಿ ಅಂದೆ."

ಅವನ ಮುಖ ಬಿಳುಚಿಕೊಂಡಿತು. "ನಿಮ್ಮ ಪ್ರಯಾಣ ಸುಖಕರವಾಗಿರಲಿ ಅಂದಿ."

ಅವನ ಪಕ್ಕದ ಸೀಟಿನವನು ಇವಳನ್ನೂ ಅವನನ್ನೂ ನೋಡಿ, ಸದ್ದಿಲ್ಲದೆ ಬಾಯಿ ಆಡಿಸುವ ಇವರಿಗೆ ತಲೆ ಕೆಟ್ಟಿರಬೇಕು ಅಂತ ದೂರ ಸರಿದು ಕೂತ. ಗುರುಪಾದ ಹಣೆಯನ್ನು ಗಾಜಿಗೆ ಇಟ್ಟ. ಅವನ ಉಸಿರಿಗೆ ಗಾಜು ಮಂಜಾಯಿತು. ತುಟಿ ಮರೆಯಾಯಿತೆಂದು ಅವಳಿಗೆ ಗಾಬರಿ, ಹೊರಗಿನಿಂದಲೇ ಒರೆಸತೊಡಗಿದಳು. ಒಳಗಿನಿಂದ ಅವನು ಅಂಗಿಯ ತೋಳಿನಲ್ಲಿ ಒರೆಸಿದ. ಅವನ ಕಣ್ಣಲ್ಲಿ ನೀರಿತ್ತು, ತುಟಿ ಮುಂದೆ ಬಂದು ಗುಂಡಗಾಯಿತು. ಆ ಮಾತನ್ನು ತಿಳಿಯಲು ಅವಳಿಗೆ ಕಾಳೂ ಬೇಕಿರಲಿಲ್ಲ, ಕಿವಿಯೂ ಬೇಕಿರಲಿಲ್ಲ.

"ಹುಚ್ಚಮೂಳಿ," ಅಂದಿದ್ದ.

ಬಸ್ಸು ಅಲುಗಿತು. ಅವಳು ಗಾಜಿಗೆ ಕೈ ಹಚ್ಚಿಕೊಂಡು ಜೊತೆಗೇ ನಡೆದಳು. "ಇಳಿ, ಇಳಿ," ಅನ್ನುತ್ತ ಹೆಜ್ಜೆ ಹಾಕಿದಳು, ಹೆಜ್ಜೆ ಓಟವಾಯಿತು. ಗೇಟಿನ ಹತ್ತಿರ ಬಸ್ಸು ನಿಂತಿತು. ಬಾಗಿಲು ತೆಗೆಯಿತು, ಚೀಲ ಹೆಗಲಿಗೆ ಹಾಕಿಕೊಂಡು ಗುರುಪಾದ ಇಳಿದ. ಅವಳ ಎದುರು ಬಂದು ನಿಂತು ಬಾಯಿ ತೆರೆದ.

"ನಿಮಗೆ ಉಂಟಾದ ತೊಂದರೆಗೆ ವಿಷಾದಿಸುತ್ತೇನೆ," ಅಂತ ಕೇಳಿಸಿತು.

ಅವಳು ಕೈ ಎತ್ತಿ ಅವನ ಬಾಯಿ ಮುಚ್ಚಿದಳು. ಮನೆಯವರೆಗೂ ಇಬ್ಬರೂ ತುಟಿ ಪಿಟ್ಟೆನ್ನಲಿಲ್ಲ. ಸಂತೆಯ ಮೂಲೆಯಲ್ಲಿ ಅವನು ನಿಂತು, ಎಳೆಯದು ನೋಡಿ ಒಂದು ಸಿವುಡು ಕರಿಬೇವು ಕೊಂಡ.

ಆಮೇಲೆ ಏನೇನೋ ಮಾಡಿ ನೋಡಿದರು. ಕಾಗದದ ಮೇಲೆ ಬರೆದರು, ಆದರೆ ಕಾಗದದ ಮೇಲೆ ಬರೆದ ಬೈಗುಳ ಪೊಲೀಸ್ ಕಂಪ್ಲೇಂಟಿನ ಹಾಗೆ ಕಂಡಿತು. ದನಿ ತೆಗೆಯದೆ ಮಾತಾಡಲು ನೋಡಿದರು. ನಾಲ್ಕು ಮಾತು ಆಗುವಷ್ಟರಲ್ಲಿ ಮೈ ಬಿಸಿಯಾಗಿ, ಮರೆತು ದನಿ ಹೊರಡುತ್ತಿತ್ತು. ದನಿ ಹೊರಟಿತೋ, ಕಾಳು ಅದನ್ನು ಹಿಡಿದು ಧನ್ಯವಾದ ಮಾಡುತ್ತಿತ್ತು. ಕೊನೆಗೆ ಗುರುಪಾದ ಮುಚ್ಚಿಹೋದ ಶೆಡ್ಡೊಂದರಿಂದ ದಪ್ಪ ಗಾಜು ತಂದ. ಅಡುಗೆಮನೆಗೂ ಪಡಸಾಲೆಗೂ ನಡುವೆ ಕಟ್ಟಿಗೆಯ ಚೌಕಟ್ಟಿನಲ್ಲಿ ಅದನ್ನು ನಿಲ್ಲಿಸಿ, ಸುತ್ತ ಒಂದು ಕೂದಲೂ ನುಸುಳದ ಹಾಗೆ ಲಪ್ಪದ ಅಂಟು ಮೆತ್ತಿದ. ಸಂಜೆ ಅವಳು ಆ ಕಡೆ, ಅವನು ಈ ಕಡೆ. ಮನಸ್ಸು ಬಿಚ್ಚಿ ಬೈದಾಡುತ್ತಿದ್ದರು. ಅಷ್ಟು ವರ್ಷದ ಬಾಕಿ ಇತ್ತಲ್ಲ, ಬೇಗ ಮುಗಿಯುವಂಥದ್ದಲ್ಲ.

ಕೈ ಹಿಡಿಯಬೇಕು ಅನ್ನಿಸಿದರೆ ಹಿತ್ತಲ ಬಾಗಿಲಿಂದ ಸುತ್ತಿ ಈಚೆ ಬರಬೇಕು, ಬಂದ ಮೇಲೆ ಮಾತಾಡುವ ಹಾಗಿಲ್ಲ. ಮಾತಾಡಬೇಕು ಅನ್ನಿಸಿದರೆ ಕೈ ಬಿಟ್ಟು ಆಚೆ ಹೋಗಬೇಕು. ಒಂದು ಇದ್ದರೆ ಇನ್ನೊಂದು ಇಲ್ಲ. ಒಮ್ಮೊಮ್ಮೆ ಮಾತಿನ ನಡುವೆ ಅವನು ಈ ಕಡೆಯಿಂದ ಅಂಗೈ ಇಡುತ್ತಿದ್ದ, ಅವಳು ಆ ಕಡೆಯಿಂದ ಇಡುತ್ತಿದ್ದಳು. ಗಾಜು ತಣ್ಣಗಿರುತ್ತಿತ್ತು. ಸಾಯುವ ತನಕ ಹೀಗೇ ಏನು, ಅಂತ ಅವಳು ಒಮ್ಮೆ ಕೇಳಿದಳು. ಹೀಗೇ, ಅಂದ ಅವನು.

ಮೆಹರೂನಳಿಗೆ ಅವಳು ಎಲ್ಲವನ್ನೂ ಹೇಳಿದಳು. ಮೆಹರೂನ ತನ್ನ ಮನೆಯಲ್ಲೂ ಗಾಜು ಹಾಕಿಸಿದಳು. ಅವಳ ಓಣಿಯಲ್ಲಿ ಇನ್ನೂ ನಾಲ್ವರು ಹಾಕಿಸಿದರು. ಊರಿನ ಗಾಜಿನ ಅಂಗಡಿಯವನಿಗೆ ಇದ್ದಕ್ಕಿದ್ದಂತೆ ಯಾಕಿಷ್ಟು ವ್ಯಾಪಾರ ಅಂತ ಅರ್ಥವಾಗಲಿಲ್ಲ, ಕಂಪನಿಗೆ ಅರ್ಥವಾಯಿತು.

ಒಂದು ಬೆಳಿಗ್ಗೆ ಸಿಂಚನಾ ಕೋಣೆಗೆ ಬಂದಳು. "ನೋಡಿ, ನಿಮ್ಮೂರಲ್ಲಿ ಜನ ಗಾಜಿನ ಹಿಂದೆ ನಿಂತು ಮಾತಾಡ್ತಿದಾರಂತೆ. ಕಾಳು ಲೆಕ್ಕ ಹಿಡಿಯೋ ಹೃದಯ ಬಡಿತ ಜೋರಾಗ್ತಿದೆ, ಮಾತು ಮಾತ್ರ ನಮಗೆ ಸಿಗ್ತಿಲ್ಲ. ಅದಕ್ಕೇ ಕಣ್ಣಿಗೂ ಒಂದು ಕಾಳು ಬರ್ತಾ ಇದೆ. ತುಟಿನೂ ಸರಿ ಮಾಡಿ ತೋರಿಸುತ್ತೆ. ಮಗ್ಗದ ತುಟಿಭಾಷೆ ಯಂತ್ರಕ್ಕೆ ಕಲಿಸಬೇಕು, ಅದು ಬರೋದು ನಿಮಗೆ ಮಾತ್ರ. ಮನೆ ಟೀವಿಯ ಕ್ಯಾಮೆರಾದಲ್ಲಿ ಸಿಕ್ಕ ತುಟಿ ನೋಡಿ, ಏನಂದ್ರು ಅಂತ ಬರೀರಿ. ಎಂದಿನ ಹಾಗೆ ಮೂರು ಜನದ್ದೂ ಒಂದೇ ಇರಬೇಕು."

ದ್ರಾಕ್ಷಾಯಿಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಲ್ಲೆ ಅಂದರೆ ನಾಳೆ ಬೇರೊಬ್ಬಳನ್ನು ಕೂರಿಸುತ್ತಾರೆ. ಒಪ್ಪಿದರೆ ಗಾಜಿನ ಆಚೆಗೂ ಲಾಡ್ಜಿನ ಮ್ಯಾನೇಜರನೇ ಬಂದು ನಿಲ್ಲುತ್ತಾನೆ.

ಪರದೆಯ ಮೇಲೆ ಒಂದು ಬಾಯಿ ಬಂತು, ಮುಖದ ಉಳಿದ ಭಾಗ ಮಸುಕು. ಯಾರೋ ನಡುವಯಸ್ಸಿನ ಹೆಂಗಸು. ಸದ್ದಿಲ್ಲ. ತುಟಿ ಮುಚ್ಚಿ, ಅಗಲವಾಗಿ ತೆರೆಯಿತು. 'ಮಂಗ್ಯಾ.' ಎಷ್ಟು ಸ್ಪಷ್ಟವಾಗಿತ್ತೆಂದರೆ ಶೆಡ್ಡಿನ ಯಾವ ಹುಡುಗಿಯಾದರೂ ಹೇಳುತ್ತಿದ್ದಳು. ಕೆಳಗೆ ಖಾಲಿ ಜಾಗ, ಬರೆಯಿರಿ ಅಂತ.

ಇಷ್ಟು ವರ್ಷ ಯಂತ್ರ ಕೈ ಹಚ್ಚದೆ ಇದ್ದ ಹಾಗೇ ಬಿಟ್ಟ ಮಾತು ಅವಳಿಗೆ ಒಂದೇ ಗೊತ್ತಿತ್ತು. ಅದನ್ನೇ ಬರೆದಳು. ಕರಿಬೇವು.

ಪಕ್ಕದಲ್ಲಿ ಮೆಹರೂನ ಕತ್ತು ಚಾಚಿ ನೋಡಿದಳು. ತಾನೂ ಬರೆದಳು. ಕರಿಬೇವು.

ಇನ್ನುಳಿದವಳು ಬಾಳವ್ವ. ಎದುರು ಮಾತಾಡಿದವಳಲ್ಲ, ಕೆಲಸದಲ್ಲಿ ಒಂದು ದಿನ ತಪ್ಪಿದವಳಲ್ಲ, ಅವಳ ಮನೆಯಲ್ಲಿ ಗಾಜು ಹಾಕಿಸಿದ ಸುದ್ದಿಯೂ ಇರಲಿಲ್ಲ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಪರದೆ ನೋಡಿದಳು. ಇವರಿಬ್ಬರನ್ನೂ ನೋಡಿದಳು. ಬಾಳವ್ವನ ಬೆರಳು ನಿಧಾನವಾಗಿ ಒತ್ತತೊಡಗಿತು.

ಪರದೆಯ ಮೇಲೆ ಹಸಿರು ದೀಪ ಹೊತ್ತಿಕೊಂಡಿತು. ಯಂತ್ರ ಒಪ್ಪಿಕೊಂಡಿತ್ತು. ಮುಂದಿನ ಬಾಯಿ ಬಂತು, ಒಬ್ಬ ಗಂಡಸಿನದು, 'ಹುಚ್ಚಮೂಳಿ' ಅಂದಿತು. ಮೂವರೂ ಕರಿಬೇವು ಬರೆದರು. ಅದರ ಮುಂದಿನದಕ್ಕೂ ಅದನ್ನೇ ಬರೆದರು. ಮಧ್ಯಾಹ್ನದ ಹೊತ್ತಿಗೆ ಸಿಂಚನಾ ಹಿಂದೆ ಬಂದು ನಿಂತು, ಪರದೆಯ ಮೇಲಿನದನ್ನು ಓದಿ ಹುಬ್ಬು ಗಂಟು ಹಾಕಿದಳು.

"ಏನಿದು? ಈ ಊರಲ್ಲಿ ಗಾಜಿನ ಹಿಂದೆ ನಿಂತು ಎಲ್ಲರೂ ಕರಿಬೇವಿನ ಬಗ್ಗೇನೇ ಮಾತಾಡ್ತಾರಾ?"

ಉತ್ತರ ಕೊಟ್ಟವಳು ಬಾಳವ್ವ. ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು.

"ಹೌದ್ರಿ. ನಮ್ಮ ಕಡೆ ಅದಿಲ್ದ ಅಡಿಗಿ ರುಚಿ ಆಗಂಗಿಲ್ಲ."